ಮನೆಸಾಲು

ಹುಣಸೆಹಣ್ಣಿಗೆ ಒಲೆಬೂದಿ ಕಲಸಿಕೊಂಡು ಮೂರು ಕೈಗಂಟೆಗಳನ್ನು ತಿಕ್ಕಿ ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದೆ, ಆಗ ತೊಳಸಮ್ಮ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಕೈಗಂಟೆ ತಿಕ್ಕುವುದಕ್ಕೆ ಒಂದು ಕ್ರಮವಿದೆ. ಹೊರಮೈಯನ್ನು ಎಷ್ಟು ಬೇಕಾದರೂ ತಿಕ್ಕಬಹುದು, ಒಳಗಿನ ನಾಲಗೆಗೆ ಮಾತ್ರ ಹುಳಿ ತಾಗಬಾರದು. ತಾಗಿದರೆ ದನಿಗೆ ನೆಗಡಿ ಹಿಡಿಯುತ್ತದೆ ಎನ್ನುತ್ತಾನೆ ಪರ್ವತಯ್ಯ. ಛತ್ರಿ ರಿಪೇರಿ ಮಾಡುವವನ ಮಾತು ಗಂಟೆಯ ವಿಷಯದಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ, ಆದರೂ ನಾಲಗೆಗೆ ಬಟ್ಟೆ ಸುತ್ತಿಯೇ ತಿಕ್ಕುತ್ತೇನೆ.

"ತಾಯಕ್ಕ, ಆ ಕಾಗದ ಇನ್ನೊಂದ್ಸಲ ಓದು," ಎಂದಳು ತೊಳಸಮ್ಮ.

"ಕೈಯೆಲ್ಲ ಬೂದಿ ಕಣೆ. ನಿಂಗೇ ಬಾಯಿಪಾಠ ಆಗೋಗಿದೆಯಲ್ಲ, ಹೇಳ್ಕೊ."

"ನಾನು ಹೇಳ್ಕೊಂಡ್ರೆ ನನ್ನ ಮಾತೇ ಅನ್ಸುತ್ತೆ. ನೀನು ಓದಿದ್ರೆ ಯಾರೋ ಧೈರ್ಯವಂತೆ ಬರೆದಂಗಿರುತ್ತೆ."

ಬರೆದವಳು ನಾನೇ. ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಇರುಳುಶಾಲೆಗೆ ಹೋಗಿ ಕಲಿತ ಅಕ್ಷರ. ಗುಂಡಗಿಲ್ಲ, ಆದರೆ ಬಿಡಿಬಿಡಿಯಾಗಿದೆ, ಯಾರು ಬೇಕಾದರೂ ಓದಬಹುದು. ಕೈ ತೊಳೆದುಕೊಂಡು ಸೆರಗಿಗೆ ಒರೆಸಿ, ಅವಳು ರವಿಕೆಯೊಳಗಿಂದ ತೆಗೆದುಕೊಟ್ಟ ಕಾಗದವನ್ನು ಬಿಡಿಸಿದೆ. ಮಡಿಕೆಗಳಲ್ಲಿ ಅದು ಹಳೆಯ ಪಂಚೆಯಂತೆ ಮೆತ್ತಗಾಗಿತ್ತು. "ಉಗ್ರಪ್ಪನವರಿಗೆ ತೊಳಸಮ್ಮ ಮಾಡುವ ನಮಸ್ಕಾರ. ನೀವು ಕೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಬಂದು ಕರೆದುಕೊಂಡು ಹೋಗುವುದು." ಅಷ್ಟೇ ಇದ್ದದ್ದು. ಸುಗ್ಗಿಗೆ ಮುಂಚೆ ಬರೆದ ಕಾಗದ. ಸುಗ್ಗಿ ಮುಗಿದು ಕಣದಲ್ಲಿ ಹುಲ್ಲು ಚಿಗುರಿದ್ದರೂ ಅದು ಊರು ಬಿಟ್ಟಿರಲಿಲ್ಲ.

ತೊಳಸಮ್ಮ ಮಂಚಕ್ಕೆ ನವಾರ ಹೆಣೆಯುವವಳು. ಐವತ್ತು ದಾಟಿದವಳು, ಗಂಡ ಹೋಗಿ ಬಹಳ ಕಾಲವಾಯಿತು. ಉಗ್ರಪ್ಪ ಅವಳಿಗೆ ಆಚೆ ಊರಿನಿಂದ ನವಾರದ ಸುರುಳಿಗಳನ್ನು ತಂದುಕೊಡುತ್ತಿದ್ದ ವ್ಯಾಪಾರಿ. ಹೆಸರು ಉಗ್ರಪ್ಪ, ದನಿ ಮಾತ್ರ ಹತ್ತಿ. ಅವನಿಗೂ ಹೆಂಡತಿಯಿಲ್ಲ. ಒಂದು ಸಂಜೆ ಅವನು ನಮ್ಮ ಕಿಟಕಿಯ ಹತ್ತಿರ ಬಂದು ತೊಳಸಮ್ಮನನ್ನು ಮದುವೆಗೆ ಕೇಳಿದ. ಕೇಳಬಾರದ ಹೊತ್ತಿನಲ್ಲಿ ಕೇಳಿದ. ನಾವು ಗಂಟೆ ಬಾರಿಸುತ್ತಿದ್ದೆವು.

ನಮ್ಮದು ಹಾಡಲ್ಲ. ಮೂರು ಜನ, ಆರು ಗಂಟೆ, ಕೈಗೊಂದು. ಸಣ್ಣವೆರಡು ತೊಳಸಮ್ಮನವು, ನಡುವಿನವು ನನ್ನವು, ದೊಡ್ಡವು ಪರ್ವತಯ್ಯನವು. ಮೊದಲು ಸಣ್ಣದರಿಂದ ದೊಡ್ಡದಕ್ಕೆ, ಮೆಟ್ಟಿಲು ಇಳಿದ ಹಾಗೆ, ಒಂದು ಸಾಲು. ಅದಕ್ಕೆ ಮನೆಸಾಲು ಎನ್ನುತ್ತೇವೆ. ಆಮೇಲೆ ಸಾಲು ಸಾಲಿಗೂ ಗಂಟೆಗಳು ಪಕ್ಕದವರೊಂದಿಗೆ ಜಾಗ ಬದಲಾಯಿಸುತ್ತ ಹೋಗುತ್ತವೆ, ನಲ್ಲಿಯ ಮುಂದೆ ಹೆಂಗಸರು "ನೀನು ಮುಂದೆ ಹೋಗವ್ವ" ಎಂದು ಬಿಟ್ಟುಕೊಟ್ಟಂತೆ. ಯಾರೂ ನುಗ್ಗುವಂತಿಲ್ಲ, ಇಬ್ಬರನ್ನು ದಾಟಿ ಹಾರುವಂತಿಲ್ಲ. ಹಾಗೆ ಬಿಟ್ಟುಕೊಡುತ್ತ, ಬಿಡಿಸಿಕೊಳ್ಳುತ್ತ, ನವಾರದ ಪಟ್ಟಿಗಳು ಒಂದರ ಮೇಲೊಂದು ಹಾದು ಮಂಚವಾಗುವ ಹಾಗೆ, ಸಂಜೆಯೆಲ್ಲ ಸಾಲುಗಳು ಹೆಣೆದುಕೊಳ್ಳುತ್ತವೆ. ಒಮ್ಮೆ ಬಂದ ಸಾಲು ಆ ಸಂಜೆ ಮತ್ತೆ ಬರಬಾರದು.

ಬಂದರೆ, ಆ ಸಾಲು ಮೊದಲ ಸಲ ಬಂದಾಗಿನ ಹೊತ್ತು ಊರಿಗೆ ಮತ್ತೆ ಬರುತ್ತದೆ. ಇಳಿಸಿದ ಹಾಲು ಒಲೆಯ ಮೇಲಿರುತ್ತದೆ. ಮನೆ ಸೇರಿದ ಎಮ್ಮೆ ಬೀದಿಯ ಕೊನೆಯಲ್ಲಿರುತ್ತದೆ. ಆಡಿದ ಮಾತನ್ನು ಆಡುತ್ತೇವೆ, ಎಡವಿದ ಕಲ್ಲನ್ನೇ ಎಡವುತ್ತೇವೆ, ಬೇಡವೆಂದರೂ ಕೈಕಾಲು ಕೇಳುವುದಿಲ್ಲ. ಒಳಗೆ ಕೂತು ನೋಡುವುದಷ್ಟೇ ನಮ್ಮ ಪಾಲು. ಸಾಲು ತಪ್ಪಿದ ಜಾಗಕ್ಕೆ ಬಂದು ಮುಟ್ಟಿದಾಗ ಮೈ ಮತ್ತೆ ನಮ್ಮದಾಗುತ್ತದೆ. ಅದಕ್ಕೆ ಮರುಗಳಿಗೆ ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಬಾರಿಸಿದವರು ಮನೆಮನೆಗೆ ಹೋಗಿ ತಪ್ಪುಬೆಲ್ಲ ಹಂಚಿ, ಬೈಗುಳ ತಿಂದು ಬರಬೇಕು. "ಉಪ್ಪು ಜಾಸ್ತಿಯಾದ ಸಾರನ್ನ ಎರಡು ಸಲ ಉಂಡೆನಲ್ಲೇ ನಿಮ್ಮಿಂದ" ಎನ್ನುವವರು, "ನಿನ್ನೆ ನಮ್ಮತ್ತೆ ಹತ್ರ ಬೈಸಿಕೊಂಡಿದ್ದು ಸಾಲ್ದು ಅಂತ ಮತ್ತೆ ಬೈಸಿದ್ರಾ" ಎನ್ನುವವರು. ಬೆಲ್ಲ ಬಾಯಿಗೆ ಬಿದ್ದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಇಷ್ಟೆಲ್ಲ ಇದ್ದೂ ಯಾಕೆ ಬಾರಿಸುತ್ತೀರಿ ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ಅವರ ಊರುಗಳಲ್ಲಿ ಜನ ಇಸ್ಪೀಟು ಯಾಕೆ ಆಡುತ್ತಾರೋ ಅದಕ್ಕೇ. ಸಂಜೆ ಎನ್ನುವುದು ಇರುತ್ತದೆ, ಕೈಗಳೂ ಇರುತ್ತವೆ.

ಉಗ್ರಪ್ಪ ಕಿಟಕಿಯ ಸರಳು ಹಿಡಿದು ನಿಂತಾಗ ನಾವು ನಡುಹೆಣಿಗೆಯಲ್ಲಿದ್ದೆವು. "ತೊಳಸಮ್ಮಾರೆ, ದಾರಿಯುದ್ದಕ್ಕೂ ಧೈರ್ಯ ಕೂಡಿಸ್ಕೊಂಡು ಬಂದಿದೀನಿ, ಈಗ ಹೇಳ್ದಿದ್ರೆ ಚೆಲ್ಲೋಗುತ್ತೆ. ನನ್ನ ಜೊತೆ ಬರ್ತೀರಾ? ಮದುವೆ ಅನ್ನಿ, ಜೊತೆ ಅನ್ನಿ, ನಿಮಗೆ ಹೆಂಗೆ ಸರಿಯೋ ಹಂಗೆ," ಎಂದ. ದೊಡ್ಡ ಗಂಟೆ ಹಿಡಿದವರಿಗೆ ನಡುನಡುವೆ ಮಾತಾಡಲು ಬಿಡುವಿರುತ್ತದೆ; ಸಣ್ಣವನ್ನು ಹಿಡಿದವಳಿಗೆ ಉಗುಳು ನುಂಗಲೂ ಇಲ್ಲ. ಅವಳ ಬಲಗೈ ತಡವರಿಸಿತು, ಬಂದ ಸಾಲು ಮತ್ತೆ ಬಂತು. ಉಗ್ರಪ್ಪ ಬೀದಿಯ ಮೂಲೆಯಲ್ಲಿದ್ದ. ನಡೆದು ಬಂದ, ಸರಳು ಹಿಡಿದ, ಅದನ್ನೇ ಕೇಳಿದ, ಅದೇ ಜಾಗದಲ್ಲಿ ಅವನ ದನಿ ನಡುಗಿತು. ಮೈ ಅವನದಾದಾಗ ಬೆವರು ಒರೆಸಿಕೊಂಡು, "ಎರಡು ಸಲ ಕೇಳಿದಂಗಾಯ್ತು. ಮೂರನೇ ಸಲಕ್ಕೆ ನನ್ನ ಕೈಲಿ ಆಗಕ್ಕಿಲ್ಲ. ಕಾಗದ ಬರೀರಿ," ಎಂದು ಸುರುಳಿಗಳನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ಮಾರನೆಯ ದಿನವೇ ತೊಳಸಮ್ಮ ಕಾಗದ ಬರೆಸಿ, ಮಡಿಸಿದ ಬೆನ್ನಿಗೆ ವಿಳಾಸ ಹಾಕಿಸಿ ಸ್ಟಾಂಪು ಅಂಟಿಸಿದಳು. ಬರೆಸುವಾಗ ಅವಳ ಮುಖ ನೋಡಬೇಕಿತ್ತು, ಹೊಸ ನವಾರದ ಹಾಗಿತ್ತು. ಕಳಿಸುವ ಹೊತ್ತಿಗೆ ಮಾತ್ರ ಕಾಲು ಬರಲಿಲ್ಲ. ನಮ್ಮೂರಿಗೆ ಟಪಾಲಿನ ಬಸ್ಸು ವಾರಕ್ಕೊಮ್ಮೆ, ಸಂತೆಯ ಬೆಳಿಗ್ಗೆ ಬರುತ್ತದೆ. ಪ್ರತಿ ಸಂತೆಯೂ ಅವಳು ಬಸ್ಸಿನ ತನಕ ಹೋಗಿ, ಬದನೆಕಾಯಿ ಕೊಂಡುಕೊಂಡು ವಾಪಸು ಬರುತ್ತಿದ್ದಳು.

ಕಾಗದವನ್ನು ಮತ್ತೆ ಮಡಿಸಿ ಅವಳ ಕೈಗೆ ಕೊಟ್ಟು, "ನಾಳೆ ಸಂತೆ," ಎಂದೆ.

"ಗೊತ್ತು."

"ಅವನು ಹೇಳಿ ಕಳಿಸಿದ್ದು ನೆನಪೈತಾ? ಹುಣ್ಣಿಮೆ ಕಳೆದ್ರೆ ಅಂಗಡಿ ಮುಚ್ಚಿ ಕಡಲ ಕಡೆ ಅಣ್ಣನ ಹತ್ರ ಹೋಗ್ತಾನಂತೆ. ಮುಂದಿನ ಸಂತೆಗೆ ಕಾಗದ ಹಾಕಿದ್ರೆ ಮುಚ್ಚಿದ ಬಾಗಿಲಿಗೆ ಹೋಗಿ ಬೀಳುತ್ತೆ."

"ಗೊತ್ತು ಅಂದ್ನಲ್ಲಕ್ಕ." ಅವಳು ಗಂಟೆಯೊಂದನ್ನು ಎತ್ತಿಕೊಂಡು ಅದರ ಬಾಯೊಳಗೆ ನೋಡಿದಳು. "ನಾನು ಅವರನ್ನ ಒಲ್ಲೆ ಅಂತ ಅಲ್ಲ. ಅಲ್ಲಿ ಮರುಗಳಿಗೆ ಇಲ್ವಂತೆ. ಆಡಿದ್ದು ಆಡಿದ್ದೇ, ಕಳೆದಿದ್ದು ಕಳೆದಿದ್ದೇ. ನಮ್ಮೋರು ಆಚೆ ಊರಲ್ಲೇ ಅಲ್ವಾ ಸತ್ತಿದ್ದು? ಕಷಾಯ ಕಾಸೋಕೆ ಒಳಗೋದೆ, ಬರೋದ್ರೊಳಗೆ ಹೋಗಿದ್ರು. ಇಲ್ಲೇ ಆಗಿದ್ರೆ, ಯಾರಾದ್ರೂ ಪುಣ್ಯಾತ್ಮರು ಒಂದು ಸಾಲು ತಪ್ಪಿದ್ರೆ..."

"ತಪ್ಪಿದ್ರೂ ನೀನು ಕಷಾಯ ಕಾಸೋಕೆ ಒಳಗೇ ಹೋಗಿರ್ತಿದ್ದೆ, ತೊಳಸಿ."

ಅವಳು ಗಂಟೆಯನ್ನು ಮತ್ತೆ ಕೆಳಗಿಟ್ಟಳು. ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ತಗ್ಗಿದ ದನಿಯಲ್ಲಿ, "ಅಕ್ಕ, ಇವತ್ತು ಮನೆಗೆ ಹೋಗಣ," ಎಂದಳು.

ಅದರ ಅರ್ಥ ನನಗೆ ತಕ್ಷಣ ತಿಳಿಯಿತು. ಹೆಣಿಗೆಯೆಲ್ಲ ಮುಗಿದ ಮೇಲೆ ಗಂಟೆಗಳು ತಾವಾಗಿಯೇ ಮೊದಲಿನ ಮನೆಸಾಲಿಗೆ ಬಂದು ನಿಲ್ಲುತ್ತವೆ. ಆ ಸಾಲನ್ನು ನಾವು ಬಾರಿಸುವುದಿಲ್ಲ. ಹೊಸಿಲ ತನಕ ಬಂದು ಗಂಟೆ ಕೆಳಗಿಡುತ್ತೇವೆ. ಬಾರಿಸಿದರೆ ಮೊದಲ ಸಾಲಿನಿಂದ ಇಡೀ ಸಂಜೆ ಮತ್ತೆ ಬರುತ್ತದೆ. ನಮ್ಮೂರಿನ ಸಂಜೆಗಳೆಲ್ಲ ಅರ್ಧಕ್ಕೆ ನಿಲ್ಲಿಸಿದ ಮಾತಿನ ಹಾಗೆ ಇರುವುದು ಅದರಿಂದಲೇ ಇರಬೇಕು.

"ಇನ್ನೊಂದು ಸಂಜೆ ಸಿಕ್ಕಿದ್ರೆ ಮನಸು ಗಟ್ಟಿ ಮಾಡ್ಕೋತೀನಿ," ಎಂದಳು. "ಒಂದೇ ಒಂದು."

ನಾನು ಬೇಡವೆನ್ನಬೇಕಿತ್ತು. ಆದರೆ ಅವಳು ಹೊರಟುಹೋದರೆ ನನ್ನ ಸಂಜೆಗಳು ಏನಾಗುತ್ತವೆ ಎಂದು ನನಗೂ ಕಾಣುತ್ತಿತ್ತು. ಇನ್ನೊಂದು ಸಂಜೆ ನನಗೂ ಬೇಕಿತ್ತು.

ಪರ್ವತಯ್ಯ ಕಂಕುಳಲ್ಲಿ ಯಾರದೋ ಮುರಿದ ಛತ್ರಿ ಇಟ್ಟುಕೊಂಡು ಬಂದ. ವಿಷಯ ಕೇಳಿ ಛತ್ರಿಯನ್ನು ಗೋಡೆಗೆ ಒರಗಿಸಿ ಕೂತ. "ಊರನ್ನ ಕೇಳ್ದೆಲೆ? ನಾಳೆ ಎಷ್ಟು ಬೆಲ್ಲ ಹಂಚ್ಬೇಕು ಗೊತ್ತೇನೆ ತೊಳಸಿ? ಆಲೆಮನೆನೇ ಹೊತ್ಕೊಂಡು ಬರ್ಬೇಕಾಗುತ್ತೆ."

"ನಾನು ಹೊರ್ತೀನಿ, ಪರ್ವತಣ್ಣ."

"ಬೈಗುಳ?"

"ಅದೂ ನಾನೇ."

"ಹಂಗಾದ್ರೆ ನಂಗೇನು," ಎಂದು ಅವನು ದೊಡ್ಡ ಗಂಟೆಗಳನ್ನು ಕೈಗೆ ತೆಗೆದುಕೊಂಡ. ಅವಳನ್ನು ಹಾಗೆ ನೋಡುವಾಗ ಅವನ ಕಣ್ಣುಗಳು ಬೇರೆಯೇ ಏನೋ ಹೇಳುತ್ತಿದ್ದವು. ಹೇಳಿ ಪ್ರಯೋಜನವಿಲ್ಲದ ಮಾತು; ಹೇಳಲಿಲ್ಲ.

ಮೂವರೂ ಒಳಗೆ ಬಂದು ಕೂತಾಗ ಬಿಸಿಲು ಕಿಟಕಿಯಿಂದ ಇಳಿದು ಎದುರಿನ ಗೋಡೆಯ ನಡುವಿಗೆ ಬಂದಿತ್ತು. ತೊಳಸಮ್ಮ ಮಣಿಕಟ್ಟು ಎತ್ತಿದಳು. ಮನೆಸಾಲು ಮೆಟ್ಟಿಲು ಇಳಿಯಿತು, ಹೆಣಿಗೆ ಶುರುವಾಯಿತು. ಅವತ್ತಿನಷ್ಟು ಚೆನ್ನಾಗಿ ನಾವು ಎಂದೂ ಬಾರಿಸಿರಲಿಲ್ಲ. ಒಂದು ಗಂಟೆ ಇನ್ನೊಂದಕ್ಕೆ ದಾರಿ ಬಿಡುವುದು ಕಣ್ಣಿಗೆ ಕಾಣುವಂತಿತ್ತು. ಬೆಕ್ಕು ಬಂದು ಛತ್ರಿಯನ್ನು ಮೂಸಿ ಹೋಯಿತು. ಕಡಲೆಕಾಯಿ ಮಾರುವವನು ಬೀದಿಯಲ್ಲಿ ಕೂಗಿಕೊಂಡು ಹೋದ. ಪರ್ವತಯ್ಯ ಎಂದಿನಂತೆ ನಡುವೆ ಒಂದು ಕತೆ ಬಿಟ್ಟ: "ನಮ್ಮ ಮಾವ ಛತ್ರಿ ತಂದುಕೊಟ್ಟು, ಅಳಿಯಂದ್ರೆ, ಇದರಲ್ಲಿ ತೂತು ಐತೆ, ಅಂದ್ರು. ನಾನು ಬಿಡಿಸಿ ನೋಡ್ತೀನಿ, ತೂತಲ್ಲಿ ಛತ್ರಿ ಐತೆ!" ನಾನು ನಕ್ಕೆ. ತೊಳಸಮ್ಮ ಎಣಿಕೆ ಬಿಡದೆ ತುಟಿಯಲ್ಲೇ ನಕ್ಕಳು. ಅವಳ ಮುಖದ ಮೇಲೆ ಗಂಟೆಗಳ ಹೊಳಪು ಆಡುತ್ತಿತ್ತು. ಇವಳು ಯಾಕೆ ಎಲ್ಲಿಗಾದರೂ ಹೋಗಬೇಕು ಎಂದುಕೊಂಡೆ.

ಆಗ ಪಕ್ಕದ ಸಾಕವ್ವನ ಮನೆಯಿಂದ ಕೂಸಿನ ಚೀರಾಟ ಕೇಳಿತು. ಮೊಮ್ಮಗಳಿಗೆ ಕಿವಿ ಚುಚ್ಚಿಸುತ್ತೇನೆ ಎಂದು ಸಾಕವ್ವ ಬೆಳಿಗ್ಗೆಯೇ ಹೇಳಿದ್ದಳು, ನಾವು ಮರೆತಿದ್ದೆವು. ಒಂದು ಕಿವಿ. ಕೂಸು ಉಸಿರು ಹಿಡಿದು ಅತ್ತಿತು. ಸಾಕವ್ವ "ಆಯ್ತು ನನ್ ಕಂದ, ಇಷ್ಟೇ, ಇನ್ನೊಂದೇ," ಎನ್ನುತ್ತಿದ್ದಳು. ಆಮೇಲೆ ಇನ್ನೊಂದು ಕಿವಿ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೆಣಿಗೆ ಅಷ್ಟು ದೂರ ಬಂದ ಮೇಲೆ ಕೈ ನಿಲ್ಲುವುದಿಲ್ಲ. ಸಾಲುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಬಂದವು, ಗೋಡೆಯ ಬಿಸಿಲು ಸೂರಿನ ಕಡೆಗೆ ಏರಿ ಮಾಸಿತು, ಹೊಸಿಲು ಬಂತು. ತೊಳಸಮ್ಮ ಕಣ್ಣು ಮುಚ್ಚಿಕೊಂಡು ಸಣ್ಣ ಗಂಟೆಯನ್ನು ಆಡಿಸಿದಳು. ಒಂದರ ಹಿಂದೊಂದು ಆರೂ ಇಳಿದವು.

ಮಾಸಿದ್ದ ಬಿಸಿಲು ಗೋಡೆಯ ನಡುವಿಗೆ ಮರಳಿತು.

ಇಡೀ ಸಂಜೆಯ ಮರುಗಳಿಗೆಯನ್ನು ನಾನು ಆ ತನಕ ಕಂಡಿರಲಿಲ್ಲ. ಗೂಡಿಗೆ ಹೋದ ಕಾಗೆಗಳು ಆಕಾಶದಲ್ಲಿದ್ದವು. ಮೊದಮೊದಲು ಅದು ಹಿತವಾಗಿಯೇ ಇತ್ತು, ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿ ಅದೇ ಕನಸಿಗೆ ಹೋದ ಹಾಗೆ. ಗಂಟೆಗಳು ತಾವೇ ಬಾರಿಸಿಕೊಳ್ಳುತ್ತಿದ್ದವು, ನನ್ನ ಕೈಗಳು ನನ್ನವಲ್ಲ, ಯಾವ ತಪ್ಪೂ ಆಗುವ ಹಾಗಿರಲಿಲ್ಲ. ಬೆಕ್ಕು ಬಂತು, ಛತ್ರಿ ಮೂಸಿತು. ಕಡಲೆಕಾಯಿಯವನು ಕೂಗಿದ, ಮಾರಿದ ಕಡಲೆಕಾಯಿಯನ್ನೇ ಮತ್ತೆ ಮಾರುವ ಬೇಸರ ಕೂಗಿನಲ್ಲಿ ಇರಲಾರದು, ಆದರೂ ನನಗೆ ಕೇಳಿಸಿತು. ಆಮೇಲೆ ಪರ್ವತಯ್ಯನ ಬಾಯಿ ತೆರೆಯಿತು. "ನಮ್ಮ ಮಾವ ಛತ್ರಿ ತಂದುಕೊಟ್ಟು..." ತನ್ನ ಕತೆಯನ್ನು ತಾನೇ ನಿಲ್ಲಿಸಲಾರದೆ ಅವನು ಹೇಳುತ್ತಿದ್ದ, ಕಣ್ಣುಗಳ ಹಿಂದೆ ಕೂತು ನನ್ನ ಕ್ಷಮೆ ಕೇಳುತ್ತಿದ್ದಾನೆ ಎನ್ನಿಸಿತು. ನಗು ಬಾರದಿದ್ದರೂ ನಾನು ನಕ್ಕೆ. ತೊಳಸಮ್ಮನ ತುಟಿ ನಕ್ಕಿತು. ಅವಳ ಮುಖದ ಮೇಲೆ ಅದೇ ಹೊಳಪು ಆಡಿತು, ಒಳಗಿನಿಂದ ಬೇರೆ ಯಾರೋ ಹೊರಗೆ ನೋಡುತ್ತಿದ್ದರು.

ಇನ್ನೇನು ಕೂಸು ಅಳುವ ಹೊತ್ತು. ಮೊದಲ ಸಲ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಿತ್ತು, ಗೋಡೆಯಾಚೆಯ ಸಾಕವ್ವನಿಗೂ ಗೊತ್ತಿತ್ತು, ಅವಳ ತೊಡೆಯ ಮೇಲಿನ ಕೂಸಿಗೂ ಗೊತ್ತಿತ್ತು. ಸೂಜಿ ಬರುತ್ತದೆಂದು ತಿಳಿದೂ ಅದು ಆಡುತ್ತ ಕೂತಿರಬೇಕಾಗಿತ್ತು. ತೊಳಸಮ್ಮನ ಕೈಗಳು ನಿಲ್ಲಲಿಲ್ಲ. ಚೀರಾಟ ಬಂತು. "ಆಯ್ತು ನನ್ ಕಂದ, ಇಷ್ಟೇ, ಇನ್ನೊಂದೇ." ತೊಳಸಮ್ಮನ ಕಣ್ಣಲ್ಲಿ ನೀರು ಬರಲಿಲ್ಲ, ಮೊದಲ ಸಲ ಬಂದಿರಲಿಲ್ಲವಾದ್ದರಿಂದ ಬರುವಂತಿರಲಿಲ್ಲ. ಇನ್ನೊಂದು ಕಿವಿಯೂ ಆಯಿತು. ಸಾಲುಗಳು ಬಿಚ್ಚಿಕೊಂಡವು, ಬಿಸಿಲು ಮಾಸಿತು, ಹೊಸಿಲು ದಾಟಿ ಆರು ಗಂಟೆಗಳೂ ಇಳಿದವು, ಮೈ ನಮ್ಮದಾಯಿತು.

ತಡೆದಿದ್ದ ನೀರೆಲ್ಲ ಆಗ ಬಂತು. ಅವಳು ಗಂಟೆಗಳನ್ನು ಹಾಸಿದ ಬಟ್ಟೆಯ ಮೇಲೆ ಸದ್ದಿಲ್ಲದೆ ಇಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಮನಸು ಗಟ್ಟಿ ಆಯ್ತೇನೆ?" ಎಂದು ಕೇಳಿದೆ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಎಲ್ಲಿ ಮಾಡ್ಕೊಳ್ಳಿ ಅಕ್ಕ? ಮೊದಲ ಸಲ ಏನೂ ಯೋಚಿಸ್ದೆ ಸುಮ್ನೆ ಖುಷಿಯಾಗಿ ಬಾರಿಸ್ತಿದ್ದೆ. ಎರಡನೇ ಸಲನೂ ಕೈ ಅದನ್ನೇ ಮಾಡ್ತಿತ್ತು, ಬಾಯಿ ಅದನ್ನೇ ನಗ್ತಿತ್ತು. ನಾನು ಒಳಗಿಂದ ಬಡ್ಕೋತಿದ್ದೆ, ಬಾಗಿಲೇ ಇರ್ಲಿಲ್ಲ." ಮೂಗು ಒರೆಸಿಕೊಂಡಳು. "ಆ ಕೂಸಿಗೆ ನಾಲ್ಕು ಕಿವಿ ಚುಚ್ಚಿಸ್ದಂಗಾಯ್ತು ನನ್ನ ಸಲುವಾಗಿ. ಇನ್ನು ಸಾಕು."

"ನಮ್ಮ ಮಾವನ ಕತೆನೂ ಇನ್ನು ಸಾಕು," ಎಂದ ಪರ್ವತಯ್ಯ. "ಹೇಳೋರಿಗೇ ಹೇಸಿಗೆ ಬಂತು." ಅವಳು ಅಳುತ್ತಲೇ ನಕ್ಕಳು. ಅವನು ಛತ್ರಿ ಎತ್ತಿಕೊಂಡು ಹೊಸಿಲ ಹತ್ತಿರ ನಿಂತು, ಅವಳ ಕಡೆ ತಿರುಗದೆ, "ಕಡಲ ಕಡೆ ಗಾಳಿ ಜಾಸ್ತಿ ಅಂತಾರೆ. ಛತ್ರಿಗೆ ಗಟ್ಟಿ ಕಡ್ಡಿ ಹಾಕ್ಕೊಡ್ತೀನಿ. ಹೋಗೋದಾದ್ರೆ," ಎಂದು ಹೇಳಿ ಹೋದ.

ಬೆಳಿಗ್ಗೆ ಬೆಲ್ಲದ ಬುಟ್ಟಿ ಹೊತ್ತು ಮೊದಲು ಸಾಕವ್ವನ ಮನೆಗೆ ಹೋದೆವು. ಸಾಕವ್ವ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬನ್ರವ್ವ ಬನ್ನಿ, ನಮ್ಮ ಕೂಸಿನ ಕಿವೀಲಿ ಇನ್ನೆಷ್ಟು ತೂತು ಬಾಕಿ ಉಳಿಸಿದೀರಿ? ಗಂಟೆನಂತೆ ಗಂಟೆ. ನಿಮ್ಮ ಗಂಟೆಗೆ ಹಗ್ಗ ಕಟ್ಟಿ ನಿಮ್ಮ ಕತ್ತಿಗೇ ಹಾಕ್ಬೇಕು, ಎಮ್ಮೆಗಳಾ!" ತೊಳಸಮ್ಮ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈದು ಸುಸ್ತಾದ ಮೇಲೆ ಸಾಕವ್ವ, "ಯಾಕೆ ಹಂಗೆ ಮಾಡ್ದೆ ಅಂತನಾದ್ರೂ ಹೇಳು," ಎಂದಳು.

"ಹೆದ್ರಿಕೆ ಆಗಿತ್ತು, ಸಾಕವ್ವ."

"ಹೆದ್ರಿಕೆ ಆದ್ರೆ ಪಕ್ಕದ ಮನೆಗೆ ಬಂದು ಕೂತ್ಕೊಬಾರ್ದಾ? ಊರನ್ನೇ ತಿರುಗಿಸ್ಬೇಕಿತ್ತಾ?" ಎಂದು ಬೆಲ್ಲದ ಉಂಡೆಯನ್ನು ಮುರಿದು ಮೊಮ್ಮಗಳ ಬಾಯಿಗಿಟ್ಟಳು. ಕೆಂಪು ದಾರ ಕಟ್ಟಿದ ಎರಡು ಪುಟ್ಟ ಕಿವಿ. ಕೂಸು ಬೆಲ್ಲ ಚಪ್ಪರಿಸುತ್ತ ತೊಳಸಮ್ಮನನ್ನು ನೋಡಿತು. ಅದರ ಮುಖದಲ್ಲಿ ನಿನ್ನೆಯದು ಏನೂ ಉಳಿದಿರಲಿಲ್ಲ. ತೊಳಸಮ್ಮ ಅದನ್ನು ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಮಿಕ್ಕ ಮನೆಗಳ ಬೈಗುಳ ಬಂದು ತಿಂತೀನಿ, ಈಗ ಬಾ," ಎಂದು ಹೊರಟಳು. ಅವಳ ನಡಿಗೆಗೆ ನಾನು ಓಡಬೇಕಾಯಿತು.

ಸಂತೆಯ ಬಯಲಿನಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಟಪಾಲಿನ ಚೀಲವನ್ನು ಹಿಂದಿನ ಬಾಗಿಲಿಗೆ ನೇತುಹಾಕಿಕೊಂಡು ಕಂಡಕ್ಟರ್ ಅದರ ಬಾಯಿ ಬಿಗಿಯುತ್ತಿದ್ದ. ಪ್ರತಿ ಸಂತೆಯೂ ಅವಳು ಬಂದು ವಾಪಸು ಹೋಗುವುದನ್ನು ಅವನು ನೋಡಿದ್ದ. "ಏನಮ್ಮ, ಇವತ್ತು ಬದನೆಕಾಯಿ ಆಯ್ತಾ?" ಎಂದ.

ತೊಳಸಮ್ಮ ರವಿಕೆಯಿಂದ ಕಾಗದ ತೆಗೆದಳು. ಅಂಟು ಬಿಟ್ಟಿದ್ದ ಸ್ಟಾಂಪಿಗೆ ನಾಲಗೆ ತಾಗಿಸಿ ಹೆಬ್ಬೆರಳಿನಿಂದ ಒತ್ತಿದಳು. ಅವನು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಬೆವರಿಗೆ ನನ್ನ ಅಕ್ಷರಗಳು ಸ್ವಲ್ಪ ಊದಿಕೊಂಡಿದ್ದವು, ಆದರೂ ಓದಲು ಬರುತ್ತಿತ್ತು.

"ಸರಿಯಾಗಿದೆಯಾ ಅಂತ ಇನ್ನೊಂದ್ಸಲ ನೋಡ್ಕೊಳಮ್ಮ. ಹೋದ್ಮೇಲೆ ಬರಾಕಿಲ್ಲ."

ಕಾಗದ ಹಿಡಿದು ಅವನು ಚಾಚಿದ ಕೈಯನ್ನು ತೊಳಸಮ್ಮ ತನ್ನ ಕೈಯಿಂದ ಚೀಲದ ಕಡೆಗೆ ತಿರುಗಿಸಿದಳು.

"ನೋಡಿದೀನಿ. ಹಾಕಪ್ಪ."